ರಟ್ಟಿನ ಕಂಪ್ಯೂಟರ್

“ಏಯ್, ಕೈ ತೆಗಿಯೇ! ನಿಮ್ಮಪ್ಪ ತಂದಿಟ್ಟಿದ್ದೇನೇ ಅದು?”

ಡಾಕ್ಟರ್ ಪಟ್ಟಾಭಿರಾಮ ಹೀಗೆ ಕಿರುಚಿದಾಗ ಸುಶೀಲಾಳ ಬೆರಳು ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆಯ ಅಂಚಿನಲ್ಲಿತ್ತು. ಮುಟ್ಟಿದ್ದು ಬರೀ ಮುಸುಕು. ಅದಕ್ಕೇ ಇಷ್ಟು ರಂಪ! ಮದುವಣಗಿತ್ತಿಗೂ ಇಂಥ ಕಾವಲಿರಲಿಕ್ಕಿಲ್ಲ ಎನಿಸಿ ಅವಳಿಗೆ ನಗು ಬಂತು.

“ಅಂಜಿ ನಗ್ತಿದಾಳೆ. ಬರ್ಕೊಳ್ಳಿ ವರ್ಷಿಣಿ.”

ಸಹಾಯಕಿ ವರ್ಷಿಣಿ ಬರೆದುಕೊಂಡಳು. ಬ್ಯಾಂಕಿನವರ ಮಗಳು, ಬರೋಡಾದಲ್ಲೇ ಬೆಳೆದವಳು. ಕನ್ನಡ ಅವಳಿಗೆ ಅಡುಗೆಮನೆ ಮಾತಿನಷ್ಟೇ ಬರುತ್ತಿತ್ತು.

ಬರೋಡಾದ ಫತೇಗಂಜಿನಲ್ಲಿ ಆ ಸಂಶೋಧನಾ ಕೇಂದ್ರದ ಕಟ್ಟಡ ಕಟ್ಟಿದ್ದು ಗುಲ್ಬರ್ಗಾ ಕಡೆಯಿಂದ ಬಂದ ಸುಶೀಲಾ, ಅವಳ ಮಾವ ಗುಂಡಪ್ಪ ಮತ್ತವರ ಜೊತೆಯವರು. ಸಿಮೆಂಟು ಮೆತ್ತಿದ ಕಾಲಲ್ಲೇ ಒಳಹೊರಗೆ ಓಡಾಡಿದ್ದರು. ಕಂಪ್ಯೂಟರ್ ಬಂದಮೇಲೆ ಚಪ್ಪಲಿ ಹೊರಗೆ ಬಿಡಬೇಕು, ಕಾಲು ತೊಳೆಯಬೇಕು, ಉಸಿರೂ ಮೆಲ್ಲಗೆ ಬಿಡಬೇಕು.

ಬಡವರಿಗೆ ಕಂಪ್ಯೂಟರ್ ವಿದ್ಯೆ ಮುಟ್ಟಿಸುವುದು ಹೇಗೆ ಎಂಬುದೇ ಡಾಕ್ಟರರ ಜೀವಮಾನದ ಸಂಶೋಧನೆ. ಅದರ ಹೆಸರಲ್ಲಿ ಅಹಮದಾಬಾದು, ಸೂರತ್ತು ಸುತ್ತಿ ಭಾಷಣ ಬಿಗಿದು, ಶಾಲು ಹೊದ್ದು ಬಂದಿದ್ದರು. ಕಡಿಮೆ ಬಿದ್ದವರೆಂದರೆ ಬಡವರು ಮಾತ್ರ. ಅವರೂ ಹಿತ್ತಲಲ್ಲಿ ಈ ಕೂಲಿಯವರು ಉಳಿದಿದ್ದ ತಗಡಿನ ಶೆಡ್ಡಿನಲ್ಲೇ ಸಿಕ್ಕಿದರು. ಸಂಶೋಧನೆ ಮುಗಿಯಲಿ, ಆಮೇಲೆ ಎಲ್ಲರಿಗೂ ಕಲಿಸುತ್ತೇವೆ ಎಂದು ಮಾತು ಕೊಟ್ಟರು. ಶಾಲೆ ಬಿಡಿಸಿ ತಲೆಗೆ ಬುಟ್ಟಿ ಹೊರಿಸಿದ ದಿನ ಸುಶೀಲಾ ಹೊರಳಾಡಿ ಅತ್ತಿದ್ದವಳು. ಆ ಮಾತನ್ನು ಅವಳು ಪೂರಾ ನಂಬಿದಳು.

ಮೊದಲ ದಿನ ಡಾಕ್ಟರರ ಮೊದಲ ಪ್ರಶ್ನೆ, “ಯಾವ ಜನ?”

“ಊರ ಹೊರಗಿನ ಕೇರಿಯವರ್ರೀ,” ಎಂದ ಗುಂಡಪ್ಪ.

ಡಾಕ್ಟರು ಸುಶೀಲಾಳ ಮುಂದೆ ಒಂದು ರಟ್ಟನ್ನು ನೆಲದ ಮೇಲಿಟ್ಟು ಹಿಂದೆ ಸರಿದರು. ಅದರ ಮೇಲೆ ಚೌಕ ಚೌಕವಾಗಿ ಇಂಗ್ಲಿಷ್ ಅಕ್ಷರ ಬರೆದಿತ್ತು.

“ಇದೇ ಕಂಪ್ಯೂಟರ್ ಅಂತ ತಿಳ್ಕೊಂಡು ಒತ್ತು. ಏನನ್ಸುತ್ತೆ?”

“ರಟ್ಟ್ ಒತ್ತಿದಂಗ ಅನಸ್ತದ್ರಿ.”

ವರ್ಷಿಣಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು.

“ನಿಜವಾದ್ದು ನಿನ್ ಕೈಲಿ ಕೆಟ್ಟೋದ್ರೆ?”

“ನೀವ್ ನಮ್ಮ ಚರ್ಮಾ ಸುಲೀತೀರಿ.”

“ಭಯ! ಬರ್ಕೊಳ್ಳಿ.”

ತಿಂಗಳುಗಟ್ಟಲೆ ಇದೇ ನಡೆಯಿತು. ಕೊನೆಗೊಂದು ದಿನ ಅಹಮದಾಬಾದಿನಿಂದ ದೊಡ್ಡವರು ಬಂದಿಳಿದರು. ಕಂಪ್ಯೂಟರುಗಳ ಮುಸುಕು ಹಾರಿತು. ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದ ಕೂಲಿಯವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಡಾಕ್ಟರು ತೆರೆಯ ಮೇಲಿದ್ದ ತಮ್ಮ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಓದತೊಡಗಿದರು.

“ಏನಂತ ಅವ್ವಾ?” ಸುಶೀಲಾ ಪಕ್ಕದಲ್ಲಿದ್ದ ವರ್ಷಿಣಿಯ ಕಿವಿಯಲ್ಲಿ ಪಿಸುಗುಟ್ಟಿದಳು.

ವರ್ಷಿಣಿ ತಡವರಿಸಿದಳು. “ನಿಮ್ ಲೋಗ್‌ಗೆ, ನಿಮ್ ಜನಕ್ಕೆ, ಬಹುತ್ ಡರ್, ಭಯ ಇದೆ ಅಂತೆ. ಈಗ ಕಲ್ಸೋದು ವೇಸ್ಟ್. ಡರ್ ಮೇಲೆ ಇನ್ನೂ ಐದು ವರ್ಷ ರಿಸರ್ಚ್ ಮಾಡ್ಬೇಕು ಅಂತೆ.”

“ಮತ್ತ ನಮಗ ಕಲಸೂದು?”

“ಇಲ್ಲ ಅಕ್ಕಾ.”

“ಇವನವ್ವನ! ನಮ್ಮ ಅಂಜಿಕಿ ಮಾರ್ಕೊಂಡ್ ತಿಂತಾನಲ್ಲ ಭಾಡ್ಯಾ!” ಎಂದು ಸುಶೀಲಾ ಕೂಗಿದ್ದು ಇಡೀ ಕೋಣೆಗೆ ಕೇಳಿತು. ನಡೆದುಹೋಗಿ ಡಾಕ್ಟರರ ಖಾಲಿ ಕುರ್ಚಿಯಲ್ಲಿ ಕೂತೇಬಿಟ್ಟಳು. ತಿರುಗುವ ಕುರ್ಚಿ ಗರ್ರನೆ ಅವಳನ್ನು ಒಂದು ಸುತ್ತು ಹಾಕಿಸಿತು. ಕಿಸಕ್ಕನೆ ನಕ್ಕು, ಕಾಲೂರಿ ನಿಲ್ಲಿಸಿಕೊಂಡಳು. ಎದುರಿದ್ದ ಕಂಪ್ಯೂಟರಿನಲ್ಲಿ ಕಣ್ಣಿಗೆ ಬಿದ್ದ ಒಂದು ಕೀಲಿಯನ್ನು ಒತ್ತಿದಳು. ಬೆರಳು ಎತ್ತಲೇ ಇಲ್ಲ.

ತೆರೆಯ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಓಡಿತು. ಡಾಕ್ಟರರ ಪ್ರಬಂಧವನ್ನು ತಳ್ಳಿಕೊಂಡು ಓಡಿತು.

“ಏಳೇ ಮೇಲೆ! ಅಯ್ಯೋ, ನನ್ನ ಪೇಪರ್!”

ಡಾಕ್ಟರು ನುಗ್ಗಿಬಂದು ಅವಳನ್ನು ಎಳೆಯಲು ಕೈ ಚಾಚಿದರು. ಚಾಚಿದ ಕೈ ಅವಳ ತೋಳಿನ ಹತ್ತಿರ ಬಂದು ಹಾಗೇ ನಿಂತಿತು. ಮುಂದೆ ಹೋಗಲೊಲ್ಲದು, ಹಿಂದೆ ಬರಲೊಲ್ಲದು. ದೊಡ್ಡವರೆಲ್ಲ ಆ ಕೈಯನ್ನೇ ನೋಡುತ್ತಿದ್ದರು.

ಸುಶೀಲಾ ತೋಳನ್ನು ಇನ್ನಷ್ಟು ಅವರ ಕಡೆ ಚಾಚಿದಳು.

“ಮುಟ್ರಿ ಸಾಹೇಬ್ರ,” ಎಂದಳು, “ಅಂಜಬ್ಯಾಡ್ರಿ.”