ದೊಡ್ಡಮ್ಮನ ಒಂದೇ ಆಶೀರ್ವಾದ

ಬಿಳಿಚೋಡಿನ ಸಿದ್ದಲಿಂಗಮ್ಮನ ಬಾಯಿಗೆ ಬರುತ್ತಿದ್ದದ್ದು ಒಂದೇ ಆಶೀರ್ವಾದ: “ವರ್ಷ ತುಂಬೋದ್ರೊಳಗೆ ತೊಟ್ಟಿಲು ತೂಗವ್ವ.” ಅದು ಸುಳ್ಳಾದದ್ದಿಲ್ಲ. ಚನ್ನಗಿರಿಯ ಶಂಕ್ರಮ್ಮ ಗಂಡನ ಈ ದೊಡ್ಡಮ್ಮನ ಕಾಲಿಗೆ ಹೊಸ ಸೀರೆಯುಟ್ಟು ಏಳು ಸಲ ಬಿದ್ದಿದ್ದಳು. ಮನೆಯಲ್ಲಿ ಏಳು ಮಕ್ಕಳಿದ್ದವು. ಏಳನೆಯದು ಈಗಷ್ಟೇ ತೊಟ್ಟಿಲು ಬಿಟ್ಟು, ರಾಗಿಹಿಟ್ಟಿನ ಡಬ್ಬಿ ಉರುಳಿಸುವಷ್ಟು ಬಲಿತಿತ್ತು. ಶಂಕ್ರಮ್ಮನಿಗೆ ಎಲ್ಲರ ಮೇಲೂ ಜೀವ. ಎಂಟನೆಯದಕ್ಕೆ ಮಾತ್ರ ಮೈಯಲ್ಲಿ ಕಸುವಿರಲಿಲ್ಲ.

ಅದು ಯುದ್ಧದ ಕಾಲ. ಬಟ್ಟೆ ಸಿಗುವುದೇ ಕಷ್ಟವಾಗಿತ್ತು. ಅಂಥದ್ದರಲ್ಲಿ ಹೊನ್ನಾಳಿಯ ತಮ್ಮ ತನ್ನ ಮದುವೆಗೆಂದು ಅಕ್ಕನಿಗೆ ಕೆಂಪು ಸೀರೆ ಕಳಿಸಿದ. ಉಡದೆ ಹೋಗುವ ಹಾಗಿಲ್ಲ. ಅದೇ ಬೆಳಿಗ್ಗೆ ಮದುವೆಗೆ ಜೊತೆಯಾಗಲು ದೊಡ್ಡಮ್ಮ ಗಂಟು ಹಿಡಿದು ಬಸ್ಸಿಳಿದರು.

ಶಂಕ್ರಮ್ಮ ಸೀರೆಯನ್ನು ಹಿತ್ತಲಿಗೆ ಒಯ್ದು, ಎರಡು ಸಲ ಜಾಲಾಡಿ ಹಿಂಡಿ ತಂತಿಗೆ ಹಾಕಿದಳು. ಒಗೆದ ಮೇಲೆ ಅದು ಹಳೆಯದೇ ತಾನೆ?

ಜಗುಲಿಯ ಮೇಲೆ ಹುರಿಗಡಲೆ ಮೆಲ್ಲುತ್ತಿದ್ದ ದೊಡ್ಡಮ್ಮ ಕೂಗಿದರು. “ಶಂಕ್ರಿ, ತಮ್ಮ ಸೀರೆ ಕೊಟ್ಟಾನಂತೆ. ಉಟ್ಕೊಂಡು ಬಂದು ಕಾಲಿಗೆ ಬೀಳೇ.”

“ಒಗೆದುಬಿಟ್ಟೀನಿ ದೊಡ್ಡಮ್ಮ. ಇನ್ನೇನು ಹೊಸದು ಅದು.”

“ಸ್ನಾನ ಮಾಡಿಸಿದ ಕೂಸು ಮುದುಕಿ ಆಗ್ತತೇನೇ? ಉಟ್ಕೊಂಡು ಬಾ.”

ಸೀರೆ ಒಣಗುವ ಹೊತ್ತಿಗೆ ಶಂಕ್ರಮ್ಮ ಹಿತ್ತಲಿಗೆ ಹೋದರೆ ತಂತಿ ಖಾಲಿ. ಮೂರು ವರ್ಷದಿಂದ ಗಬ್ಬವಾಗದ, ಸಂತೆಗೆ ಹೊಡೆಯಬೇಕೆಂದಿದ್ದ ಮೇಕೆ, ಸೀರೆಯನ್ನು ತಲೆಯ ಮೇಲೆಳೆದುಕೊಂಡು ಸೆರಗು ಮೆಲ್ಲುತ್ತಾ ಜಗುಲಿಯ ಕಡೆ ಹೊರಟಿತ್ತು. ಅಲ್ಲಿ ಕಡಲೆ ಚೆಲ್ಲಿತ್ತಲ್ಲ. ದೊಡ್ಡಮ್ಮನ ಕಣ್ಣಿಗೆ ಪೊರೆ. ಅವರಿಗೆ ಕಂಡದ್ದು ಕೆಂಪು ಸೀರೆಯೊಂದು ಬಂದು ಕಾಲ ಬಳಿ ಬಾಗಿದ್ದು.

ಶಂಕ್ರಮ್ಮ ಓಡಿ ಬಂದವಳು ಬಾಗಿಲ ಹಿಂದೆ ನಿಂತುಬಿಟ್ಟಳು.

ದೊಡ್ಡಮ್ಮ ತಲೆ ಸವರಿದರು. “ತುರುಬು ಇಷ್ಟು ಬಿಗಿ ಕಟ್ಟಬಾರದು ಕಣೇ, ತಲೆನೋವು ಬರ್ತತೆ. ವರ್ಷ ತುಂಬೋದ್ರೊಳಗೆ ತೊಟ್ಟಿಲು ತೂಗವ್ವ.”

ಮೇಕೆ “ಮ್ಯಾ” ಎಂದಿತು.

“ನೆಗಡಿ ಆಗೇತೆ ನಿಂಗೆ. ಕಷಾಯ ಕುಡಿ.”

ಮರುವರ್ಷ ಹಬ್ಬಕ್ಕೆ ದೊಡ್ಡಮ್ಮ ಬಂದವರೇ ಜಗುಲಿಯಲ್ಲಿ ಕೂತು ಕೇಳಿದರು. “ಎಲ್ಲಿ, ತೊಟ್ಟಿಲಲ್ಲಿ ಯಾರವರೆ?”

ಮೇಕೆ ಮೂರು ಮರಿ ಹಾಕಿ ಹತ್ತು ದಿನವಾಗಿತ್ತು. ಮುದುಕಿಯ ಮಾತು ಹುಸಿಯಾಯಿತೆಂದು ಹೇಳಲು ಶಂಕ್ರಮ್ಮನಿಗೆ ಮನಸ್ಸು ಬರಲಿಲ್ಲ. ಅವಳು ಸಣ್ಣ ಮರಿಯೊಂದನ್ನು ಕುಲಾವಿ ಕಟ್ಟಿ, ತೊಟ್ಟಿಲಲ್ಲಿ ಮಲಗಿಸಿ ತೂಗಿದಳು. ಗಂಡ ಕಲ್ಲೇಶಪ್ಪ ಗೋಡೆಯ ಕಡೆ ತಿರುಗಿ ನಿಂತ.

ದೊಡ್ಡಮ್ಮ ಬಂದು ಕುಲಾವಿಯೊಳಗೆ ಬೆರಳು ತೂರಿಸಿ ನೋಡಿದರು. “ಕೂದಲು ದಟ್ಟ ಐತೆ. ಕಿವಿ ಮಾತ್ರ ನಿಂದೇ ಕಣೋ ಕಲ್ಲೇಶಿ. ನೀ ಹುಟ್ಟಿದಾಗ ಹಿಂಗೇ ಜೋತುಬಿದ್ದಿದ್ವು.”

ಕಲ್ಲೇಶಪ್ಪ ಮೆಲ್ಲಗೆ ತನ್ನ ಕಿವಿ ಮುಟ್ಟಿಕೊಂಡ.

“ಈ ಸಲ ಹಬ್ಬಕ್ಕೂ ಸೀರೆ ತಂದಿರ್ತೀಯ,” ಎಂದು ದೊಡ್ಡಮ್ಮ ಮತ್ತೆ ಜಗುಲಿಯಲ್ಲಿ ಕಾಲು ಚಾಚಿ ಕೂತರು. “ಉಟ್ಕೊಂಡು ಬಾರವ್ವ.”

“ಬಂದೆ ದೊಡ್ಡಮ್ಮ,” ಎಂದ ಶಂಕ್ರಮ್ಮ, ಸೀರೆಯನ್ನೂ ಒಂದು ಹಿಡಿ ಕಡಲೆಯನ್ನೂ ತೆಗೆದುಕೊಂಡು ಮೇಕೆಯ ಬಳಿಗೆ ಹೋದಳು.