ಒಂದೇ ಲೋಡಿಗೆ ಮೂರು ಲಾರಿ

ನಿಸಾ ಊರಿನ ಈರುಳ್ಳಿ ಮಂಡಿಯಲ್ಲಿ ಅಕ್ಟೋಬರ್ ಬಂತೆಂದರೆ ಲಾರಿಗಳಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಅವತ್ತು ಮಾರ್ವಾ ಹಿಕ್ಸನ್ ಬೇಗ ಬಂದಿದ್ದಳು. ಅವಳ ಲಾರಿ ಮಾಲು ಏರಿಸುವ ನಾಲ್ಕನೇ ಕಟ್ಟೆಗೆ ಹಿಂಬದಿ ಕೊಟ್ಟು ನಿಂತಿತ್ತು, ಒಳಗೆ ಮೂಟೆಗಳು ಏರುತ್ತಿದ್ದವು.

ಮಾರ್ವಾ ಮಿಸೌರಿಯವಳು. ಬಹಳ ವರ್ಷ ಶಾಲಾ ಬಸ್ಸು ಓಡಿಸಿ, ಮಕ್ಕಳ ಗಲಾಟೆಗಿಂತ ಎಂಜಿನ್ನಿನ ಗಲಾಟೆಯೇ ವಾಸಿ ಎನ್ನಿಸಿ, ಐವತ್ತರ ಹತ್ತಿರದಲ್ಲಿ ಸ್ವಂತ ಲಾರಿ ಕೊಂಡಿದ್ದಳು. ಈ ಲೋಡನ್ನು ಕೊಡಿಸಿದವನು ಟ್ರೆಂಟ್ ಎಂಬ ದಲ್ಲಾಳಿ. ಟೆನೆಸ್ಸಿಯಲ್ಲೆಲ್ಲೋ ಕೂತು ಫೋನಿನಲ್ಲೇ ವ್ಯವಹಾರ ಮಾಡುವವನು. ಅವನ ಮುಖವನ್ನು ಅವಳು ಕಂಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ.

ಕಾಫಿಗೆಂದು ಕೆಳಗಿಳಿದಾಗ ಗೇಟಿನ ಬಳಿ ಇಬ್ಬರು ಡ್ರೈವರುಗಳು ಫೋನು ಹಿಡಿದು ನಿಂತಿದ್ದರು. ದಪ್ಪ ಮೀಸೆಯ ಮುದುಕ ಓಕ್ಲಹೋಮದ ಆರ್ವಲ್ ಪಿಕಾರ್ಡ್. ಅವನ ಮಾತು ಮಂಡಿಗೆಲ್ಲ ಕೇಳುತ್ತಿತ್ತು. ಇನ್ನೊಬ್ಬ ಉಕ್ರೇನಿನಿಂದ ಬಂದು ಸ್ಪೋಕೇನಿನಲ್ಲಿ ನೆಲೆಸಿದ್ದ ಬೊಹ್ದಾನ್.

"ನೋಡಮ್ಮ, ಗೇಟಿಗೆ ಬಂದು ನಿಂತಿದೀನಿ, ಆಗ ದಲ್ಲಾಳಿ 'ಲೋಡು ರದ್ದಾಯ್ತು' ಅಂತ ಮೆಸೇಜು ಕಳಿಸ್ತಾನೆ!" ಎಂದ ಆರ್ವಲ್. "ಟ್ವಿನ್ ಫಾಲ್ಸಿಂದ ಖಾಲಿ ಓಡಿಸ್ಕೊಂಡು ಬಂದಿದೀನಿ. ಡೀಸೆಲ್ ಯಾರಪ್ಪ ಕೊಡ್ತಾನೆ?"

"ನನಗೂ ಅದೇ," ಎಂದ ಬೊಹ್ದಾನ್. "ಅದೇ ಮಾತು, ಅದೇ ನಂಬರು."

"ಎಲ್ಲಿಗೆ ಹೋಗೋ ಲೋಡು?" ಮಾರ್ವಾ ಕೇಳಿದಳು.

"ಅಮರಿಲ್ಲೋ."

ಅವಳು ತನ್ನ ಫೋನು ತೆಗೆದು ನೋಡಿದಳು. ಅವಳದೂ ಅಮರಿಲ್ಲೋಗೇ. ಮೂವರದೂ ಒಂದೇ ಲೋಡಿನ ನಂಬರು. ಟ್ರೆಂಟ್ ಒಂದೇ ಲೋಡಿಗೆ ಮೂರು ಲಾರಿ ಕರೆದಿದ್ದ. ಮೊದಲು ಬಂದವರಿಗೆ ಮಾಲು, ಉಳಿದವರಿಗೆ ರದ್ದು.

ಲೋಡು ರದ್ದಾದರೆ ಖಾಲಿ ಬಂದ ದಾರಿಗೆಂದು ದಲ್ಲಾಳಿ ಒಂದಿಷ್ಟು ಕೊಡುವುದು ಈ ಕಸುಬಿನ ವಾಡಿಕೆ. ಕೊಡುವವರು ಕೊಡುತ್ತಾರೆ. ಕೊಡದವರ ಮೇಲೆ ದಾವೆ ಹೂಡಲು ಹೋದರೆ ವಕೀಲನ ಖರ್ಚೇ ಹೆಚ್ಚು. ಈ ಇಬ್ಬರಿಗೂ ಟ್ರೆಂಟ್ ಕಾಸಿಲ್ಲ ಎಂದಿದ್ದ.

ಮಾರ್ವಾ ಅಲ್ಲೇ ನಿಂತು ಅವನಿಗೆ ಫೋನು ಮಾಡಿದಳು.

"ನಿನಗೇನಮ್ಮ ತೊಂದ್ರೆ?" ಟ್ರೆಂಟನ ದನಿ ಹಗುರವಾಗಿತ್ತು. "ಲೋಡು ನಿನಗೇ ಸಿಕ್ತಲ್ಲ. ಮೊದ್ಲು ಬಂದೆ, ನೀನು ಗೆದ್ದೆ ಕಣಮ್ಮ!"

ಅವಳಿಗೆ ಸಿಟ್ಟು ಬಂದದ್ದು ಆ ಮಾತಿಗೆ. ಆ ಇಬ್ಬರ ಮೇಲೆ ಅವಳಿಗೆ ವಿಶೇಷ ಕನಿಕರವೇನೂ ಹುಟ್ಟಿರಲಿಲ್ಲ. ಆರ್ವಲ್ಲನ ಗಂಟಲು ಆಗಲೇ ಕಿರಿಕಿರಿ ಮಾಡತೊಡಗಿತ್ತು. ಆದರೆ ತಾನು ಯಾವುದೋ ಓಟದ ಕುದುರೆಯಾಗಿದ್ದೆ, ಅದು ತನಗೇ ಗೊತ್ತಿರಲಿಲ್ಲ ಎನ್ನುವುದನ್ನು ನುಂಗಲಾಗಲಿಲ್ಲ.

"ಇವರಿಬ್ಬರಿಗೂ ಕೊಡೋದು ಕೊಡು. ಅಲ್ಲೀವರೆಗೂ ಚೀಟಿಗೆ ಸೈನ್ ಹಾಕಲ್ಲ," ಎಂದು ಫೋನಿಟ್ಟಳು.

ಸರಕಿನ ಚೀಟಿಗೆ ಡ್ರೈವರಿನ ಸಹಿ ಬೀಳದೆ ಲಾರಿ ಕಟ್ಟೆ ಬಿಡುವಂತಿಲ್ಲ. ಕಟ್ಟೆಯ ಮೇಸ್ತ್ರಿ ಎಲೋಯ್ ಬರಾಸಾ ಬಂದು ತನ್ನ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನಕ್ಕ ಇದು? ಹಿಂದೆ ಎಷ್ಟು ಗಾಡಿ ನಿಂತಿವೆ ನೋಡು. ನಿಮ್ಮ ದಲ್ಲಾಳಿ ಜಗಳ ನನ್ನ ಕಟ್ಟೇಲಿ ಬೇಡ. ಇಲ್ಲಾಂದ್ರೆ ಮೂಟೆ ಇಳಿಸಿಬಿಡ್ತೀನಿ."

"ಇಳಿಸಪ್ಪ," ಎಂದಳು ಮಾರ್ವಾ. ಹೇಳಿದ ಮೇಲೆ ಹೆದರಿಕೆ ಹತ್ತಿತು. ಇಳಿಸಿದರೆ ಅವಳೂ ಆ ಇಬ್ಬರ ಜೊತೆ ಗೇಟಿನಲ್ಲಿ ನಿಲ್ಲಬೇಕಿತ್ತು.

ಅಷ್ಟರಲ್ಲಿ ಆರ್ವಲ್ಲನ ಫೋನು ಮೊಳಗಿತು. ಅವನು ಸ್ವಲ್ಪ ದೂರ ಹೋಗಿ, ಎಂದೂ ಇಲ್ಲದ ಮೆಲುದನಿಯಲ್ಲಿ ಮಾತಾಡಿ ಬಂದ. ಕಣ್ಣು ಲಾರಿಯ ಚಕ್ರದ ಮೇಲಿತ್ತು.

"ಏನಂತೆ?" ಬೊಹ್ದಾನ್ ಕೇಳಿದ.

"ಆ ಲೋಡು ನನಗೇ ಕೊಡ್ತಾನಂತೆ. ಮೇಲೆ ಮುನ್ನೂರು ಡಾಲರ್ ಜಾಸ್ತಿ. ಇವಳ ಗಾಡಿಯಿಂದ ಇಳಿಸಿ ನನ್ನ ಗಾಡಿಗೆ ಹಾಕಿಸ್ಕೋ ಅಂದ."

"ನೀನೇನಂದೆ?" ಎಂದಳು ಮಾರ್ವಾ.

"ಯೋಚನೆ ಮಾಡ್ತೀನಿ ಅಂದೆ. ಹಾಗೆ ನೋಡ್ಬೇಡಮ್ಮ. ನನಗೂ ಗಾಡಿ ಕಂತು ಇದೆ."

ಬೊಹ್ದಾನ್ ತನ್ನ ಭಾಷೆಯಲ್ಲಿ ಏನೋ ಅಂದ. ಅರ್ಥ ಹೇಳುವ ಅಗತ್ಯ ಬೀಳಲಿಲ್ಲ.

ಆರ್ವಲ್ಲನ ಯೋಚನೆ ಎತ್ತ ಹೊರಳುತ್ತಿತ್ತೋ, ಅದು ಮುಗಿಯುವ ಮೊದಲೇ ಎಲೋಯ್ ತಾಳ್ಮೆಗೆಟ್ಟ. ಇಳಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಇಳಿಸಿ, ಮತ್ತೆ ಏರಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಅವನು ಮಾರ್ವಾಳ ಕೈಯಿಂದ ಫೋನು ಇಸಿದುಕೊಂಡು ತಾನೇ ಟ್ರೆಂಟನನ್ನು ಹಿಡಿದ.

"ಕೇಳಯ್ಯ, ನೀನು ಒಂದು ಲಾರಿ ಕರೀತೀಯೋ ಹತ್ತು ಕರೀತೀಯೋ ನನಗೆ ಬೇಡ. ನನ್ನ ಕಟ್ಟೆ ಖಾಲಿಯಾಗ್ಬೇಕು. ಈಗ ಕಾಸು ಕಳಿಸಿದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ನೀನು ಕಳಿಸೋ ಲಾರಿಗೆ ಇಲ್ಲಿ ಒಂದು ಈರುಳ್ಳೀನೂ ಹತ್ತಲ್ಲ."

ದುಡ್ಡು ಬಂತು. ಬೊಹ್ದಾನನಿಗೆ ಇನ್ನೂರೈವತ್ತು, ಆರ್ವಲ್ಲನಿಗೆ ಇನ್ನೂರು. ತನಗೇಕೆ ಕಡಿಮೆ ಎಂದು ಆರ್ವಲ್ ಮತ್ತೆ ಗಂಟಲು ತೆರೆದ. ಬೊಹ್ದಾನ್ ತನ್ನ ಲಾರಿಯಿಂದ ಒಂದು ಡಬ್ಬಿ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತಂದು ಮಾರ್ವಾಳ ಕೈಗೆ ಕೊಟ್ಟು ಹೋದ. ಮಾರ್ವಾ ಸಹಿ ಹಾಕಿದಳು.

ಅಮರಿಲ್ಲೋಗೆ ಅವಳು ತಡವಾಗಿ ತಲುಪಿದಳು. ತಡಕ್ಕೆಂದು ಟ್ರೆಂಟ್ ಬಾಡಿಗೆಯಲ್ಲಿ ಮುರಿದುಕೊಂಡ. ಅಷ್ಟಕ್ಕೇ ಬಿಡದೆ, ದಲ್ಲಾಳಿಗಳೆಲ್ಲ ನೋಡುವ ಇಂಟರ್ನೆಟ್ಟಿನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಮಾಲು ತಡೆಹಿಡಿದವಳು' ಎಂದು ಬರೆಸಿದ. ಆ ಚಳಿಗಾಲವಿಡೀ ಒಳ್ಳೆಯ ಲೋಡುಗಳು ಅವಳಿಗೆ ಸಿಗಲಿಲ್ಲ. ಕೇಳಿದವರಿಗೆ, "ಹೌದು, ತಡೆದೆ," ಎನ್ನುತ್ತಿದ್ದಳು. ಕೆಲವರು ಫೋನಿಡುತ್ತಿದ್ದರು, ಕೆಲವರು ಕಡಿಮೆ ಬಾಡಿಗೆ ಹೇಳುತ್ತಿದ್ದರು. ಪಶು ಆಹಾರ, ಹಳೆ ರಟ್ಟು, ಸಿಕ್ಕಿದ್ದನ್ನು ಹೇರಿಕೊಂಡು ಲಾರಿಯ ಕಂತು ತಪ್ಪದಂತೆ ನೋಡಿಕೊಂಡಳು. ಮಾಡಿದ್ದು ತಪ್ಪಾಯಿತೆಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು, ಮುಖ್ಯವಾಗಿ ಡೀಸೆಲ್ ತುಂಬಿಸುವಾಗ.

ಫೆಬ್ರವರಿಯಲ್ಲಿ ಹಿಮ ಬಿದ್ದು ಹೆದ್ದಾರಿ ಮುಚ್ಚಿತು. ವಯೋಮಿಂಗಿನ ಲಾರಿ ಅಡ್ಡೆಯೊಂದರಲ್ಲಿ ಎಲ್ಲರೂ ಸಿಕ್ಕಿಬಿದ್ದಿದ್ದರು. ಪಕ್ಕದ ಮೇಜಿನಲ್ಲಿ ಪ್ರಾಯದ ಡ್ರೈವರೊಬ್ಬ ಗೆಳೆಯರಿಗೆ ಕತೆ ಹೇಳುತ್ತಿದ್ದ.

"ಓಕ್ಲಹೋಮದ ಮುದುಕನಂತೆ ಕಣ್ರೋ. ಈರುಳ್ಳಿ ಮಂಡಿ ಗೇಟಿಗೆ ಗಾಡಿ ಅಡ್ಡ ನಿಲ್ಲಿಸಿಬಿಟ್ನಂತೆ. ಮುನ್ನೂರು ಡಾಲರ್ ಆಸೆ ತೋರಿಸಿದ್ರೂ ಬಗ್ಗಲಿಲ್ಲವಂತೆ. ದಲ್ಲಾಳಿ ಕೈಲಿ ಎಲ್ಲರಿಗೂ ಕಾಸು ಕಕ್ಕಿಸ್ದ!"

"ಅಲ್ಲಿ ಹೆಂಗಸೊಬ್ಬಳು ಇರ್ಲಿಲ್ವಾ?" ಎಂದಳು ಮಾರ್ವಾ, ತಟ್ಟೆಯಿಂದ ತಲೆಯೆತ್ತದೆ.

ಹುಡುಗ ತುಸು ಯೋಚಿಸಿದ. "ಇದ್ಳಂತೆ. ಪಾಪ, ತುಂಬಾ ಹೆದರಿದ್ಳಂತೆ."

"ಅದು ನಿಜ," ಎಂದು ಅವಳು ಹಂದಿಮಾಂಸದ ತುಂಡಿಗೆ ಇನ್ನಷ್ಟು ಸಾರು ಸುರಿದುಕೊಂಡಳು.