ತಮ್ಮನ ಅರ್ಧ ಮಾತು

ಲೇಖಕಿಯ ಕಾದಂಬರಿಗಳಲ್ಲಿ ಯಾರೂ ತಡವರಿಸುವುದಿಲ್ಲ. ಸಿಕ್ಕಿಬಿದ್ದ ಕಳ್ಳನೂ ಪೂರ್ತಿ ವಾಕ್ಯದಲ್ಲೇ ಸುಳ್ಳು ಹೇಳುತ್ತಾನೆ. ಆ ಸಂಭಾಷಣೆಗಳನ್ನು ವಿಮರ್ಶಕರು ಹೊಗಳಿ ಅಟ್ಟಕ್ಕೇರಿಸಿದ್ದರು. ಎಲ್ಲಿ ಕಲಿತಿರಿ ಎಂದರೆ ಅವಳು ನಕ್ಕು ಮಾತು ಬದಲಿಸುತ್ತಿದ್ದಳು. ಕಲಿತದ್ದು ಉಗ್ಗುವ ತಮ್ಮನ ಪಕ್ಕದಲ್ಲಿ. ಅವನು ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡರೆ ಉಳಿದದ್ದನ್ನು ಅಕ್ಕ ಮುಗಿಸಿಕೊಡುತ್ತಿದ್ದಳು: ಮೇಷ್ಟರಿಗೆ ಉತ್ತರ, ಅಂಗಡಿಯವನಿಗೆ ಬೇಕಾದ್ದು, ಅಪ್ಪನಿಗೆ ನೆಪ. ನೆಪಗಳಂತೂ ಅವನು ಯೋಚಿಸಿದ್ದಕ್ಕಿಂತ ಚೆನ್ನಾಗಿರುತ್ತಿದ್ದವು. ಅವನು ಹೂಂ ಎಂದು ತಲೆಯಾಡಿಸುತ್ತಿದ್ದ.

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡು ಬಾಳಿದ ಆ ತಮ್ಮ ಈಗ ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದ. ಗಂಟಲಲ್ಲಿ ಗಡ್ಡೆ. ನಾಳೆ ಬೆಳಿಗ್ಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಆಮೇಲೆ ಮಾತಿಲ್ಲ. ಅಕ್ಕನಿಗೆ ಒಂದು ವಿಷಯ ಹೇಳಬೇಕು, ಬಾಯಲ್ಲೇ ಹೇಳಬೇಕು ಎಂದು ಹಟ ಹಿಡಿದು ಕರೆಸಿಕೊಂಡಿದ್ದ.

“ಅತ್ತಿಗೆ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ,” ಎಂದಳು ಅವನ ಹೆಂಡತಿ, ಕಿತ್ತಳೆ ಸುಲಿಯುತ್ತಾ. “ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ ಇವರು ಶುರು ಮಾಡ್ದಾಗ ಒಲೆ ಮೇಲೆ ಹಾಲಿಟ್ಟಿದ್ದೆ. ಉಕ್ಕಿ, ಸೀದು, ಪಾತ್ರೆ ಕರ್ರಗಾಯ್ತು. ನಾನು ಅಲ್ಲಾಡ್ಲಿಲ್ಲ.”

“ಪಾ-ಪಾತ್ರೆ ಇನ್ನೂ ಇದೆ,” ಎಂದ ತಮ್ಮ. ಮೂವರೂ ನಕ್ಕರು.

ಆಮೇಲೆ ಅವನು ಅಕ್ಕನ ಕೈ ಹಿಡಿದುಕೊಂಡ.

“ಅಕ್ಕಾ, ನಿನ್ನ ಪು-ಪುಸ್ತಕ ಎಲ್ಲಾ ಓದಿದೀನಿ. ಒಂದ್ರಲ್ಲೂ ನಾ... ನಾ...”

ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡ. ಅಕ್ಕ ತುಟಿ ಕಚ್ಚಿ ಹಿಡಿದಳು. ಆದರೆ ಐವತ್ತು ವರ್ಷ ಮುಂದೋಡಿಯೇ ಅಭ್ಯಾಸವಾದ ನಾಲಿಗೆ ಅವಳ ಮಾತು ಕೇಳೀತೇ?

“ನಾಚ್ಕೆ ಆಗೋ ಹಾಗೆ ಬರೆದಿಲ್ಲ, ಅಲ್ವೇನೋ?”

ಅವನು ಕಣ್ಣು ತೆರೆದ. ಹೂಂ ಎಂದು ತಲೆಯಾಡಿಸಿದ.

ಹೆಂಡತಿಯ ಕೈಯಲ್ಲಿ ಕಿತ್ತಳೆ ಹಾಗೇ ನಿಂತಿತು. “ಅಯ್ಯೋ ಅತ್ತಿಗೆ, ಅದಲ್ಲ. ಇವರು ಹಿಂಗೆ ತಕ್ಷಣ ತಲೆ ಆಡಿಸಿದ್ರೆ ಅಲ್ಲ ಅಂತ್ಲೇ ಅರ್ಥ. ಇನ್ನು ಕೈಲಾಗಲ್ಲ ಅಂತ. ನಿಮಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಅಷ್ಟು ವರ್ಷ ಅವನು ಎಷ್ಟು ಸಲ ತಲೆಯಾಡಿಸಿದ್ದನೋ.

“ಇನ್ನೊಂದ್ಸಲ ಹೇಳೋ, ನಿನ್ನ ದಮ್ಮಯ್ಯ. ಎಷ್ಟೊತ್ತಾದ್ರೂ ಕಾಯ್ತೀನಿ.”

ಅವನು ಅವಳನ್ನೇ ನೋಡಿದ. ತುಂಬ ದಣಿದಿದ್ದ.

“ಬಿ... ಬಿ...”

ಅವಳ ನಾಲಿಗೆಯ ತುದಿಯಲ್ಲಿ ಹತ್ತಾರು ಪದಗಳು ನೂಕಾಡಿದವು. ಒಂದೊಂದನ್ನೂ ನುಂಗಿದಳು. ಹೊರಗೆ ಔಷಧಿಯ ಗಾಡಿ ಬಂತು, ಹೋಯಿತು. ಅವಳು ಕಾದಳು.

“ಬಿಡಕ್ಕಾ,” ಎಂದ.